ಹುಳವಿಲ್ಲದ ಬದನೆಕಾಯಿ

ಹಲಬರ್ಗಾ,
ಜನವರಿ ೧೯೫೭

ಮುದ್ದು ತಂಗಿ ಅಲಕಾಳಿಗೆ, ಮೀರಕ್ಕನ ತುಂಬು ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಮ್ಮ ಅತ್ತೆಯವರು ಠಾಣಾ ಕುಶನೂರಿಗೆ ತಂದ ಬದನೆಕಾಯಿ ಬಹಳ ರುಚಿಯಾಗಿದ್ದವು, ಒಂದರಲ್ಲೂ ಹುಳ ಇರಲಿಲ್ಲ, ಹ್ಯಾಂಗ ಬೆಳೆಸಿದಿ ಅಂತ ಕೇಳಿದ್ದೀ. ತಿನ್ನುವುದರಲ್ಲಿ ನೀನು ಮೊದಲಿನಿಂದಲೂ ಮುಂದು. ಹೇಳುತ್ತೇನೆ, ಕೇಳು.

ಲಗ್ನವಾಗಿ ಇಷ್ಟು ವರ್ಷವಾದರೂ ನನಗೆ ಮಕ್ಕಳಿಲ್ಲವಲ್ಲ. ನಿನ್ನ ಭಾವನಿಗೆ ಇನ್ನೊಂದು ಲಗ್ನ ಮಾಡುವ ಮಾತು ಮನೆಯಲ್ಲಿ ಎದ್ದಿತ್ತು. ಈ ಮನೆಯಲ್ಲಿ ನನ್ನ ಕೈಗೆ ಬೀಜವನ್ನೂ ಕೊಡುತ್ತಿರಲಿಲ್ಲ. ಬಂಜಿ ಹಚ್ಚಿದ ಗಿಡಕ್ಕ ಹುಳ ಬೀಳ್ತಾವ ಅಂತ ಅತ್ತೆಯವರ ಮಾತು. ಒಂದು ದಿನ ಸಿಟ್ಟು ನೆತ್ತಿಗೇರಿ, ಹಿತ್ತಲದಾಗ ನಾನೇ ಬದನಿ ಹಚ್ತೇನ್ರಿ, ಹುಳ ಬಿದ್ದರ ಲಗ್ನ ಮಾಡ್ರಿ, ಬೀಳದಿದ್ದರ ಆ ಮಾತು ಬಿಡ್ರಿ ಅಂದುಬಿಟ್ಟೆ. ಆಗಲಿ ಅಂದರು.

ಅಂದಿನಿಂದ ಹಿತ್ತಿಲೇ ನನ್ನ ಮನೆಯಾಯಿತು. ಇಬ್ಬನಿ ಆರುವ ಮೊದಲೇ ಒಲೆಯ ಬೂದಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎಲೆಗಳ ಮೇಲೆ ಉದುರಿಸಿದೆ; ಎಲೆಯ ರಸ ಹೀರುವ ಹೇನು ಬಿಟ್ಟುಹೋದವು. ಬೇವಿನ ಬೀಜ ಕುಟ್ಟಿ, ನೆನೆಹಾಕಿ, ಸೋಸಿದ ನೀರನ್ನು ಟೊಂಗೆಯಿಂದ ಚಿಮುಕಿಸಿದೆ. ಆದರೆ ಕುಡಿ ಕೊರೆಯುವ ಹುಳ ಬೂದಿಗೂ ಬಗ್ಗದು, ಬೇವಿಗೂ ಬಗ್ಗದು, ಒಳಗೇ ಕೂತು ತಿನ್ನುತ್ತದೆ. ಕುಡಿ ಜೋತುಬಿದ್ದರೆ ಅದು ಒಳಗಿದೆ ಎಂದರ್ಥ. ಆ ಕುಡಿಯನ್ನೇ ಕತ್ತರಿಸಿ ಸುಡಬೇಕು. ಎಳೆ ಚಿಗುರನ್ನು ಒಮ್ಮೆ ಸವರಿ, ಆಮೇಲೆ ಕತ್ತರಿಸುತ್ತಿದ್ದೆ. ನಿನ್ನ ಭಾವ ಭಾಲ್ಕಿಯಿಂದ ಯಾವುದೋ ಬಿಳಿ ಪುಡಿ ತರುತ್ತೇನೆ ಅಂದರು. ನಾನೇ ಬೇಡ ಅಂದೆ. ಗೆದ್ದರೆ ನನ್ನ ಕೈಯಿಂದಲೇ ಗೆಲ್ಲಬೇಕಿತ್ತು.

ಗೆದ್ದೆ, ಅಲಕಾ. ಗಿಡ ಬಾಗುವಷ್ಟು ಕಾಯಿ! ಪಕ್ಕದ ಮನೆಯ ಹೀರಾಬಾಯಿ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅತ್ತೆಯವರು ಒಂದು ಕಾಯಿ ಸೀಳಿ ನೋಡಿದರು, ಇನ್ನೊಂದನ್ನೂ ಸೀಳಿದರು, ಆಮೇಲೆ ಬುಟ್ಟಿ ತಾ ಅಂದರು. ನಿಮ್ಮಲ್ಲಿಗೇ ಹೊರಟಿದ್ದಾರೆಂದು ಕೇಳಿ ಹಿಗ್ಗಿ, ಚೆಂದದ ಕಾಯಿಗಳನ್ನೇ ಆರಿಸಿ ತುಂಬಿಕೊಟ್ಟೆ.

ಮರಳಿ ಬಂದಮೇಲೆ ರಾಗ ಬದಲಾಯಿತು. ಕಾಯಿ ಬಿಟ್ಟದ್ದು ಗಿಡ, ನೀ ಅಲ್ಲ ಅಂದರು. ಹೆಂಡತಿ ಇರುವಾಗ ಇನ್ನೊಂದು ಲಗ್ನ ಕಾಯ್ದೆಗೆ ವಿರುದ್ಧ ಎಂದು ಶಾಲೆಯ ಅಬ್ದುಲ ಖಾದರ ಮಾಸ್ತರರು ತಿಳಿಹೇಳಿದರು. ಅದಕ್ಕೆ ಅತ್ತೆಯವರು, ಮೊನ್ನಿ ಮೊನ್ನಿ ಮೈಸೂರ ರಾಜ್ಯಕ್ಕ ಸೇರೇವ್ರಿ, ಕಾಯ್ದಿ ನಮ್ಮ ಓಣಿಗಿ ಬರಲಿಕ್ಕ ಇನ್ನಾ ಟೈಮ್ ಅದರಿ ಅಂತ ನಕ್ಕರು. ನಿನ್ನ ಭಾವ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನಗೆ ಸಾಕಾಗಿದೆ. ಬೂದಿ ಹಾಕುವುದನ್ನು ಬಿಟ್ಟಿದ್ದೇನೆ. ತಿನ್ನುವ ಹುಳಗಳು ತಿನ್ನಲಿ.

ಅವ್ವನ ಕಾಲಿಗೆ ಬಿದ್ದೆನೆಂದು ಹೇಳು. ಅಪ್ಪನಿಗೆ ಏನೂ ಹೇಳಬೇಡ.

ನಿನ್ನ ಅಕ್ಕ,
ಮೀರಾ

ತಾ.ಕ.: ಆ ಬುಟ್ಟಿ ಬರಿಯ ಉಡುಗೊರೆಯಲ್ಲ, ಅಲಕಾ. ಅತ್ತೆಯವರು ನಿನ್ನ ಭಾವನಿಗೆ ನಿನ್ನನ್ನೇ ಕೇಳಲು ಬಂದಿದ್ದರು. ಅಪ್ಪ ಹೂಂ ಅಂದಿದ್ದಾನೆ, ನಿನಗಿನ್ನೂ ಹೇಳಿಲ್ಲ. ಹೇಳಿದ ದಿನ ನೀನು ಒಲ್ಲೆ ಅನ್ನು. ಆಗ ಬೇರೆ ಯಾರನ್ನೋ ತರುತ್ತಾರೆ, ತರಲಿ. ಬೇರೆಯವಳಾದರೆ ಮನಸಾರೆ ದ್ವೇಷಿಸಿಯಾದರೂ ಬದುಕೇನು. ನೀನು ಬಂದರೆ ಅದೂ ಇಲ್ಲ.