ಕೊಯ್ಯುವುದೋ, ಕಾಯುವುದೋ

ಆಳಂದ, ಜನವರಿ ೧೯೪೮

ಮಾನ್ಯ ಅಧ್ಯಕ್ಷರೇ, ಮಹಾಜನರೇ, ಮುಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಹಿರಿಯರೇ! ಇಂದಿನ ಚರ್ಚೆ: ಮಗುವಿನ ತೊಡೆಯ ಎಲುಬು ಮುರಿದರೆ ಕೊಯ್ಯುವುದೋ, ಕಾಯುವುದೋ?

ನಗಬೇಡ, ನಿಂಬೆವ್ವ. ಸರಸಂಬಾದಿಂದ ಬರುವಾಗ ನಮ್ಮ ಗಂಗು ಬಂಡಿಯಿಂದ ಬಿದ್ದು ತೊಡೆ ಮುರಿದುಕೊಂಡಿದ್ದಾಳೆ. ದವಾಖಾನೆಯಲ್ಲಿದ್ದೇವೆ. ಓದಿದವನೆಂಬ ಜಂಬದಲ್ಲಿ ನಾನೇ, "ಆಪರೇಷನ್ ಮಾಡಿ ಉಕ್ಕಿನ ಪಟ್ಟಿ ಕೂಡಿಸ್ರಿ" ಎಂದೆ.

ಡಾಕ್ಟರು ನಕ್ಕರು. "ಮಾಸ್ತರ್ರ, ಮೂರು ವರ್ಷ ತುಂಬದ ಕೂಸಿನ ಎಲುಬು ತಾನೇ ಕೂಡ್ತದ್ರಿ. ಕತ್ತಿ ಯಾಕ? ಅಲ್ಲಾಡದಂಗ ಮಲಗಿಸ್ರಿ, ಸಾಕು."

ಎರಡೂ ಕಾಲಿಗೆ ಬಟ್ಟೆ ಸುತ್ತಿ, ಮಂಚದ ಮೇಲಿನ ಅಡ್ಡಗೋಲಿಗೆ ತೂಗುಹಾಕಿದರು. ಕುಂಡಿಯ ಕೆಳಗೆ ಅಂಗೈ ತೂರುವಷ್ಟು ಸಂದು ಇರಬೇಕು. ಹಾಗೆ ಜಗ್ಗಿ ಹಿಡಿದರೆ ಎಲುಬು ಸಾಲಿಗೆ ಬಂದು ಕೂಡುತ್ತದಂತೆ. ನನ್ನ ಅಕ್ಕ ಸುಂದರಬಾಯಿ ನೋಡಿ ಹೌಹಾರಿದಳು. "ಏ ಗುರಣ್ಣ, ಕೂಸಿಗಿ ಬಾವಲಿ ಮಾಡಿದಿ ಏನೋ!"

ಮಾಡಿದರೂ ಕಾಲು ನೆಟ್ಟಗಾಗುತ್ತದೆ. ನನಗೆ ಸಂಶಯವೇ ಇಲ್ಲ. ವಾರದಿಂದ ಗಂಗು ಅಳುವುದೂ ಇಲ್ಲ, ಅಲುಗುವುದೂ ಇಲ್ಲ. ಮನೆಯಲ್ಲಿ ಒಂದು ಗಳಿಗೆ ಕೂತವಳಲ್ಲ ಅವಳು. ಇವತ್ತು ಡಾಕ್ಟರಿಗೇ ಸೋಜಿಗವಾಗಿ, "ಏನ್ ಮಂತ್ರ ಹಾಕೀರಿ, ಮಾಸ್ತರ್ರ?" ಎಂದು ಕೇಳಿದರು.

"ಪ್ರಾಸ ಕಟ್ಟಿ ಪದ ಹೇಳ್ತೇನ್ರಿ" ಎಂದೆ.

ಸುಳ್ಳು, ನಿಂಬೆವ್ವ. "ಸುಮ್ಮನೆ ಮಲಗಿದರ ನಿಮ್ಮವ್ವ ಬರ್ತಾಳ" ಎಂದಿದ್ದೇನೆ. ಅದಕ್ಕೇ ಬಾಗಿಲನ್ನೇ ನೋಡುತ್ತ ಮಲಗಿದ್ದಾಳೆ. ನೀನು ಸತ್ತಿರುವುದನ್ನು ನಾನಿನ್ನೂ ಅವಳಿಗೆ ಹೇಳಿಲ್ಲ.