ಬೀಗ ಹಾಕಿದ ಮನೆಗಳಲ್ಲಿ ಕಾಯಿಲೆ ಇಲ್ಲ

ಮಾನ್ಯ ಆರೋಗ್ಯ ಸಮೀಕ್ಷೆಯ ಮುಖ್ಯಸ್ಥರೇ,

ನೀವು ಬಿಡುಗಡೆ ಮಾಡಿದ ವರದಿಯಲ್ಲಿ ನನ್ನ ಹೆಂಡತಿ ಸತ್ತಿಲ್ಲ. ಬದುಕಿಯೂ ಇಲ್ಲ. ಅಣುಸ್ಥಾವರದ ಸೈರನ್ ಕೇಳಿಸುವಷ್ಟು ಹತ್ತಿರದಲ್ಲಿ ಮದುವೆಯಾದಂದಿನಿಂದ ಸಂಸಾರ ಮಾಡಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಹೆಂಗಸೊಬ್ಬಳು ನಿಮ್ಮ ದಪ್ಪ ಪುಸ್ತಕದ ಯಾವ ಪುಟದಲ್ಲೂ ಸಿಗುವುದಿಲ್ಲ. ಆದರೂ "ಸ್ಥಾವರದ ಸುತ್ತಲಿನವರ ಆರೋಗ್ಯ ಬೇರೆಡೆಯವರಿಗಿಂತ ಉತ್ತಮವಾಗಿದೆ" ಎಂದು ನೀವು ಮೈಕಿನ ಮುಂದೆ ನಗುನಗುತ್ತಾ ಘೋಷಿಸಿದಿರಿ. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಅವರೆಲ್ಲರ ಕೊರಳಲ್ಲಿ ಸ್ಥಾವರದ ಗುರುತಿನ ಚೀಟಿ ನೇತಾಡುತ್ತಿತ್ತು.

ನಾನು ಬೋರ್ಡು ಬರೆಯುವವನು. ಊರಿನವರು ಬ್ರಷ್ಷಣ್ಣ ಎನ್ನುತ್ತಾರೆ. ಸ್ಥಾವರದ ದೊಡ್ಡ ಗೇಟಿನ ಪಕ್ಕ "ಸುರಕ್ಷತೆಯೇ ನಮ್ಮ ಉಸಿರು" ಎಂಬ ಹಳದಿ ಫಲಕ ಇದೆಯಲ್ಲ, ಅದು ನನ್ನದೇ ಕೈಬರಹ. ಆದ್ದರಿಂದ ನನ್ನನ್ನು ಅಭಿವೃದ್ಧಿಯ ವಿರೋಧಿ ಎಂದು ಕರೆಯುವ ಮುನ್ನ ಸ್ವಲ್ಪ ತಾಳಿ. ನಿಮ್ಮ ಸಮೀಕ್ಷೆಗೂ ನನ್ನ ಸೇವೆ ಸಂದಿದೆ. ಮನೆಮನೆಯ ಬಾಗಿಲಿನ ಮೇಲೆ ನೀಲಿ ಬಣ್ಣದಲ್ಲಿ ನಂಬರ್ ಬರೆಯಲು ನಿಮ್ಮ ಕಚೇರಿಯವರು ನನ್ನನ್ನೇ ಕರೆದರು. ಹಾಗಾಗಿ ನಿಮ್ಮ ವಿಜ್ಞಾನ ನಮ್ಮ ಬೀದಿಗಳಲ್ಲಿ ಹೇಗೆ ನಡೆಯಿತೆಂಬುದನ್ನು ಹಿಂದೆಹಿಂದೆಯೇ ನಡೆದು ನೋಡುವ ಭಾಗ್ಯ ನನಗೆ ಸಿಕ್ಕಿತು.

ಸಮೀಕ್ಷೆಗೆ ಬಂದ ಹುಡುಗಿಯರಿಬ್ಬರೂ ಸಭ್ಯರು, ಅವರ ಮೇಲೆ ನನ್ನ ದೂರಿಲ್ಲ. ಅವರಿಗೆ ನೀವು ಕೊಟ್ಟ ನಿಯಮ ಬಲು ಸರಳವಾಗಿತ್ತು. ಬಾಗಿಲು ತೆರೆದವರನ್ನು ಕೇಳಿ ಬರೆದುಕೊಳ್ಳಬೇಕು, ಬೀಗ ಹಾಕಿದ ಮನೆಯನ್ನು ಬಿಟ್ಟು ಮುಂದೆ ಹೋಗಬೇಕು. ನಮ್ಮ ಬೀದಿಯ ಟೈಲರ್ ಮನೆಗೆ ಬೀಗ ಇತ್ತು. ನಾನು ಬ್ರಷ್ ಅದ್ದಿಕೊಂಡು ನಿಂತೇ ಇದ್ದೆ.

"ಮೇಡಂ, ಇವರು ಊರು ಬಿಟ್ಟೋಗಿಲ್ಲ. ಮಗನ್ನ ಸಿಟಿ ಆಸ್ಪತ್ರೆಗೆ ಸೇರಿಸಿದಾರೆ. ಅವನಿಗೂ ರಕ್ತದ್ದೇ ತೊಂದರೆ."

"ಅಯ್ಯೋ ಪಾಪ. ಆದ್ರೆ ಮನೇಲಿ ಯಾರೂ ಇಲ್ದಿದ್ರೆ ನಾವು ಬರ್ಕೊಳ್ಳೋ ಹಾಗಿಲ್ಲ ಅಂಕಲ್. ನಂಬರ್ ಹಾಕ್ಬೇಡಿ, ಮುಂದಿನ ಮನೆಗೆ ನಡೀರಿ."

ನಡೆದೆ. ನಮ್ಮ ಊರಲ್ಲಿ ಕೆಮ್ಮು ನೆಗಡಿಗೆ ಡಾಕ್ಟರ್ ಇದ್ದಾರೆ. ಅದಕ್ಕಿಂತ ದೊಡ್ಡ ಕಾಯಿಲೆ ಬಂದವರು ಮನೆಗೆ ಬೀಗ ಜಡಿದು ಸಿಟಿಗೆ ಹೋಗಲೇಬೇಕು. ನೀವು ಹುಡುಕಲು ಬಂದದ್ದೂ ದೊಡ್ಡ ಕಾಯಿಲೆಯನ್ನೇ. ಅದು ಬೀಗದ ಹಿಂದೆ ಇದೆಯೆಂದು ಬೀದಿಯ ಮಕ್ಕಳಿಗೂ ಗೊತ್ತಿತ್ತು. ನಿಮಗೆ ಮಾತ್ರ ತೆರೆದ ಬಾಗಿಲುಗಳೇ ಬೇಕಾಗಿದ್ದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೆ, ಸರ್ಕಾರಿ ವೆಚ್ಚದಲ್ಲಿ ಕುಡಿಯುವುದನ್ನು ಅವತ್ತೇ ನೋಡಿದ್ದು.

ಆಮೇಲೆ ನನ್ನ ಮನೆ ಬಂತು. ಹೆಂಡತಿ ಆಗ ಸಿಟಿಯಲ್ಲಿ ಮಗಳ ಮನೆಯಲ್ಲಿದ್ದು ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದಳು. ಆ ಖರ್ಚಿಗೆಂದು ಮನೆಯನ್ನು ಸ್ಥಾವರಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಟ್ಟು ನಾನು ಅಂಗಡಿಯಲ್ಲೇ ಮಲಗುತ್ತಿದ್ದೆ. ಒಳ್ಳೆಯ ಹುಡುಗರು. ಸ್ಥಾವರದವರು ಹಲ್ಲಿನಿಂದ ಹಿಮ್ಮಡಿಯವರೆಗೆ ತಪಾಸಣೆ ಮಾಡಿ, ಎಲ್ಲ ಸರಿಯಿದ್ದವರನ್ನೇ ಆರಿಸಿ ಕೆಲಸಕ್ಕೆ ತೆಗೆದುಕೊಂಡಿದ್ದರು. ಬಾಗಿಲು ತೆರೆದಾಗ ಒಬ್ಬ ಓಟ ಮುಗಿಸಿ ಬಂದು ಬೆವರು ಒರೆಸಿಕೊಳ್ಳುತ್ತಿದ್ದ. "ಕಾಯಿಲೆನಾ? ಏನಿಲ್ಲ ಮೇಡಂ, ಫುಲ್ ಫಿಟ್" ಎಂದ. ನನಗೆ ತಡೆಯಲಾಗಲಿಲ್ಲ.

"ಈ ಮನೆ ನಂದಮ್ಮ. ನನ್ನ ಹೆಂಡ್ತಿಗೆ ಕ್ಯಾನ್ಸರ್ ಆಗಿದೆ. ಅದನ್ನೂ ಬರ್ಕೊಳ್ಳಿ."

"ಅವರು ಈಗ ಇಲ್ಲೇ ಇದ್ದಾರಾ ಅಂಕಲ್?"

"ಇಲ್ಲ, ಸಿಟೀಲಿದಾಳೆ."

"ಹಾಗಾದ್ರೆ ಅವರು ಸಿಟಿ ಲೆಕ್ಕಕ್ಕೆ ಬರ್ತಾರೆ."

ನನ್ನ ಮನೆಯ ಬಾಗಿಲಿಗೆ ನಾನೇ ನಂಬರ್ ಬರೆದೆ. ಹೀಗೆ ನನ್ನ ಮನೆ ನಿಮ್ಮ ವರದಿಯಲ್ಲಿ ಆರೋಗ್ಯವಂತರ ಮನೆಯಾಯಿತು. ಕಾಯಿಲೆಯವರು ಹೊರಗೆ ಹೋಗುತ್ತಾರೆ, ಗಟ್ಟಿಮುಟ್ಟಾದವರನ್ನು ಆರಿಸಿ ಒಳಗೆ ತರುತ್ತೀರಿ, ಆಮೇಲೆ ಎಣಿಸುತ್ತೀರಿ. ಈ ರೀತಿ ಎಣಿಸಿದರೆ ಯಾವ ಊರಿನ ಆರೋಗ್ಯ ತಾನೇ ಉತ್ತಮವಾಗಿರುವುದಿಲ್ಲ, ಸ್ವಾಮಿ? ಮಳೆಗಾಲ ಮುಗಿಯುವ ಮೊದಲೇ ಅವಳು ಹೋದಳು. ಅವಳ ಸಾವೂ ಸಿಟಿಯ ಲೆಕ್ಕಕ್ಕೇ ಜಮೆಯಾಯಿತು.

ವರದಿ ಬಿಡುಗಡೆಯ ದಿನ ನಾನು ಎದ್ದುನಿಂತು ಇಷ್ಟನ್ನೂ ಕೇಳಿದೆ. ನೀವು ಮೊದಲು ಬಾಳೆಹಣ್ಣಿನ ಕತೆ ಹೇಳಿದಿರಿ. ಬಾಳೆಹಣ್ಣಿನಲ್ಲೂ ವಿಕಿರಣವಿದೆ, ಹಾಗೆಂದು ತಿನ್ನುವುದನ್ನು ಬಿಟ್ಟಿದ್ದೇವೆಯೇ ಎಂದಿರಿ. ಇರಬಹುದು. ಆದರೆ ಬಾಳೆಹಣ್ಣಿನ ಸುತ್ತ ಮುಳ್ಳುತಂತಿಯ ಬೇಲಿ, ಬಂದೂಕಿನ ಕಾವಲು, ತಿಂಗಳಿಗೊಮ್ಮೆ ಸೈರನ್ ಇರುವುದನ್ನು ನಾನಂತೂ ಕಂಡಿಲ್ಲ. ನಂತರ ಹೊರದೇಶಗಳ ಅಧ್ಯಯನಗಳ ಮಾತು ಬಂತು. ಸ್ಥಾವರದ ಹತ್ತಿರದ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಿದೆ ಎಂದು ಕೆಲವರು, ಹಾಗೇನೂ ಇಲ್ಲ ಎಂದು ಇನ್ನು ಕೆಲವರು, ಇದ್ದರೂ ಕಾರಣ ಸ್ಥಾವರವೇ ಎನ್ನಲು ಆಗದೆಂದು ಮತ್ತೆ ಕೆಲವರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅದರಿಂದ ನನಗೆ ಬೇಜಾರಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಮರ್ಯಾದೆಯ ಕೆಲಸ. ಅವರು ಗೊತ್ತಿಲ್ಲ ಎಂದದ್ದನ್ನೇ ಹಿಡಿದು ನೀವು "ಏನೂ ಇಲ್ಲ" ಎಂದು ಓದಿ ಹೇಳಿದಿರಲ್ಲ, ಅದಕ್ಕೆ ನನಗೆ ಸಿಟ್ಟು ಬಂದದ್ದು.

ಕೊನೆಗೆ ನನ್ನ ಕಸುಬು ಯಾವುದೆಂದು ಕೇಳಿದಿರಿ. ಹೇಳಿದೆ. "ನೋಡಿ ಮತ್ತೆ, ಬಣ್ಣ, ಥಿನ್ನರ್ ಇವುಗಳಿಂದಲೂ ಇಂಥ ಕಾಯಿಲೆ ಬರಬಹುದು. ನಿಮ್ಮ ಮನೆಯಲ್ಲೇ ಕಾರಣ ಇಟ್ಟುಕೊಂಡು ನಮ್ಮನ್ನು ಯಾಕೆ ಬೈತೀರಿ?" ಎಂದು ನಕ್ಕಿರಿ. ಸಭೆಯೂ ನಕ್ಕಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಗೊಣಗಿಕೊಂಡು ನಾನು ಕೂತೆ.

ಆದರೆ ಬಾಡಿಗೆಯ ಹುಡುಗರು ಖಾಲಿ ಮಾಡಿಹೋಗಿದ್ದ ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ, ಮಾನ್ಯರೇ. ಏಕೆಂದರೆ ನನ್ನ ಬ್ರಷ್ಷುಗಳನ್ನೆಲ್ಲ ಥಿನ್ನರಿನಲ್ಲಿ ತೊಳೆದಿಡುತ್ತಿದ್ದವಳು ಅವಳೇ. ನಾನೇ ತೊಳೀತೀನಿ ಬಿಡು ಎಂದರೆ, "ನೀವು ತೊಳೆದ್ರೆ ಬ್ರಷ್ಷಿನ ತಲೆ ನಿಮ್ಮ ತಲೆ ಥರ ಆಗುತ್ತೆ" ಎಂದು ನನ್ನ ಬೋಳುತಲೆ ನೋಡಿ ನಗುತ್ತಿದ್ದಳು. ಅವಳನ್ನು ಕೊಂದದ್ದು ನಿಮ್ಮ ಚಿಮಣಿಯೋ ನನ್ನ ಡಬ್ಬವೋ, ಎರಡೂ ಅಲ್ಲದ ಬರೀ ಹಣೆಬರಹವೋ ನನಗೆ ತಿಳಿಯದು. ತಿಳಿಯದೆ ಬದುಕುವುದು ಎಷ್ಟು ಕಷ್ಟವೆಂದು ನಿಮಗೆ ಹೇಗೆ ಹೇಳಲಿ? ಬಣ್ಣವೇ ಕಾರಣವೆಂದಾದರೆ ಹಾಗೆಂದೇ ಬರೆಯಿರಿ. ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಆದರೆ ಅದನ್ನು ಬರೆಯುವುದಕ್ಕೂ ಮೊದಲು ಅವಳನ್ನು ಎಣಿಸಬೇಕಲ್ಲ!

ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದರೆ, ನನ್ನ ಅಳಿಯನಿಗೆ ಸ್ಥಾವರದಲ್ಲಿ ಕೆಲಸ ಸಿಕ್ಕಿದೆ. ಮಗಳು, ಅಳಿಯ ಮತ್ತು ಇನ್ನೂ ಅಂಬೆಗಾಲಿಡದ ಮೊಮ್ಮಗಳು ನನ್ನ ಮನೆಗೇ ಬಂದಿರುತ್ತಾರಂತೆ. ಅಳಿಯನಿಗೆ ನನ್ನ ಅಂಜಿಕೆ ಹೇಳಿದೆ. "ಮಾವ, ಸರ್ಕಾರದ ವರದೀನೇ ಬಂದಿದೆಯಲ್ಲ, ಎಲ್ಲ ಕ್ಲಿಯರ್ ಅಂತ. ಓದಿಲ್ವಾ?" ಎಂದು ನನಗೇ ತಿರುಗಿ ಕೇಳಿದ. ಮಗಳು ಮಾತ್ರ ಆಮೇಲೆ ತಾನೇ ಫೋನ್ ಮಾಡಿದಳು. "ಅಪ್ಪಾ, ನೀನೊಂದು ಮಾತು ಹೇಳು ಸಾಕು. ಮಗೂನ ಕರ್ಕೊಂಡು ಬರ್ಲಾ?" ಎಂದಳು.

ನನಗೆ ದಯೆ ಬೇಡ, ಪರಿಹಾರವೂ ಬೇಡ. ಬೀಗ ಹಾಕಿದ ಮನೆಗಳವರನ್ನು ಹುಡುಕಿಸಿ. ಅವರು ಯಾವ ಸಿಟಿಯ ಯಾವ ಆಸ್ಪತ್ರೆಯಲ್ಲಿದ್ದರೂ, ಯಾವ ಸ್ಮಶಾನದಲ್ಲಿದ್ದರೂ ನಮ್ಮ ಊರಿನವರೆಂದೇ ಎಣಿಸಿ. ತಪಾಸಣೆ ಮಾಡಿ ಆರಿಸಿ ತಂದವರ ಲೆಕ್ಕ ಬೇರೆ ಇಡಿ. ಅಲ್ಲಿಯವರೆಗೆ "ಉತ್ತಮ" ಎಂಬ ಮಾತನ್ನು ಹಿಂದಕ್ಕೆ ಪಡೆಯಿರಿ. ಇದನ್ನು ಬೇಗ ಮಾಡಿ. ಅಮ್ಮನ ಕೋಣೆಗೆ ಹೊಸ ಬಣ್ಣ ಹೊಡೆದಿಡು, ಮಗು ಅಲ್ಲೇ ಮಲಗಲಿ ಎಂದು ಮಗಳು ಹೇಳಿದ್ದಾಳೆ. ಬೆಳಿಗ್ಗೆಯಿಂದ ಆ ಕೋಣೆಯಲ್ಲಿ ನಿಂತಿದ್ದೇನೆ. ಬಣ್ಣದ ಡಬ್ಬ ತೆರೆಯಲು ಭಯ. ವಾಸನೆ ಹೋಗಲೆಂದು ಕಿಟಕಿ ತೆರೆದರೆ ಎದುರಿಗೆ ನಿಮ್ಮ ಚಿಮಣಿ. ಯಾವುದನ್ನು ತೆರೆಯಲಿ, ಹೇಳಿ.

ಇಂತಿ,
ಯಾವ ಲೆಕ್ಕಕ್ಕೂ ಸಿಗದವಳ ಗಂಡ