ಹೆದ್ದಾರಿಯಲ್ಲೂ ಆರದ ಹಳದಿ ದೀಪ

ಉಪ್ಪಲ್, ಹೈದರಾಬಾದ್
೨೨ ಏಪ್ರಿಲ್ ೨೦೨೫, ಮಂಗಳವಾರ

ಪ್ರೀತಿಯ ಭವಾನಿ ಅಕ್ಕನಿಗೆ,

ನಿನ್ನ ತಂಗಿ ಕೃಪಾಳ ಶರಣಾರ್ಥಿಗಳು. ಸಂಗಣ್ಣ ಭಾವನಿಗೂ ನನ್ನ ಶರಣು ತಿಳಿಸು. ಯುಗಾದಿಗೆ ನೀನು ಕಳಿಸಿದ ಶ್ಯಾವಿಗೆ, ಕುರಡಿಗೆ ಸಂಡಿಗೆ ತಡವಾಗಿ ಬಂದು ಮುಟ್ಟಿದವು. ಅತ್ತೆ ಆ ದಿನವೇ ಸಂಡಿಗೆ ಕರಿದು, ಓಣಿಗೆಲ್ಲ ಹಂಚಿ, ‘ನಮ್ಮ ಸೊಸಿ ತವರಿಂದು’ ಅಂತ ಹೇಳಿಕೊಂಡು ಬಂದರು. ನಾನು ಅವತ್ತೇ ಬರೆಯಬೇಕಿತ್ತು. ಕೆಲಸ ಅಡ್ಡ ಬಂತು ಅಂದರೆ ಸುಳ್ಳಾಗುತ್ತದೆ. ಧೈರ್ಯ ಬರಲಿಲ್ಲ, ಅಷ್ಟೇ. ನಾಲ್ಕನೇ ಇಯತ್ತೆಯವರೆಗೆ ಓದಿದವಳ ಅಕ್ಷರ, ತಪ್ಪಿದ್ದಲ್ಲಿ ಸರಿಮಾಡಿಕೊಂಡು ಓದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ನಮ್ಮದು ಒಂದೇ ಕೋಣೆ. ನಿನ್ನ ಫೋನು ಬಂದರೆ ಸಾಕು, ಇವರು ‘ಸ್ಪೀಕರ್ ಹಾಕ, ಅಕ್ಕಾರ ಜೋಡಿ ನಾನೂ ಮಾತಾಡ್ತೀನಿ’ ಅನ್ನುತ್ತಾರೆ. ಇದು ಅವರ ಮುಂದೆ ಆಡುವ ಮಾತಲ್ಲ.

ಬಸವ ಜಯಂತಿ ಮುಗಿದ ಮರುದಿನ ಇಲ್ಲಿ ಅತ್ತೆಮನೆಯಲ್ಲಿ ನಿನ್ನ ಮಗಳು ದೀಪ್ತಿಗೆ ಉಡಿ ತುಂಬುವ ಕುಬಸ. ಅದಾದ ಮೇಲೆ ಅವಳನ್ನು ಬಾಣಂತನಕ್ಕೆ ಹುಮನಾಬಾದಿಗೆ ನಮ್ಮ ಗಾಡಿಯಲ್ಲೇ ಕಳಿಸಿಕೊಡಿ ಅಂತ ಹೋದ ವಾರ ನೀನು ಹೇಳಿದೆ. ಇವರ ಮುಖ ನೀನು ನೋಡಬೇಕಿತ್ತು. ‘ನನ್ನ ಮಗಳಿದ್ದಂಗ ಆಕಿ. ಹೊಟ್ಟ್ಯಾಗಿನ ನೀರು ಅಲುಗದಂಗ ಮುಟ್ಟಸ್ತೀನ್ರಿ ಅಕ್ಕಾರ’ ಅಂದರು. ಮರುದಿನವೇ ಹಿಂದಿನ ಸೀಟಿಗೆ ಹೊಸ ದಿಂಬು ತಂದಿಟ್ಟರು.

ಅಕ್ಕಾ, ಆ ಗಾಡಿಯಲ್ಲಿ ದೀಪ್ತಿಯನ್ನು ಕೂರಿಸಬೇಡ. ಹೇಳಬೇಕಾದದ್ದು ಇದಿಷ್ಟೇ. ಯಾಕೆ ಅನ್ನುವುದಕ್ಕೆ ಉಳಿದದ್ದು ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆಗೆ ಇವರ ಎಡಗಾಲು ಹೋದದ್ದು ನಿನಗೆ ಗೊತ್ತು. ದವಾಖಾನೆಯ ಮಂಚದ ಮೇಲೆ ನಿನ್ನ ಕೈಹಿಡಿದು ಅತ್ತಿದ್ದರಲ್ಲ, ಕಾಲಿಗಾಗಿ ಅಲ್ಲ, ಸ್ಟೇರಿಂಗಿಗಾಗಿ. ಆಮೇಲೆ ಯಾರೋ ಹೇಳಿದರು, ಆಟೋಮ್ಯಾಟಿಕ್ ಗಾಡಿಗೆ ಕ್ಲಚ್ ಇರುವುದಿಲ್ಲ, ಬಲಗಾಲು ಒಂದಿದ್ದರೆ ಸಾಕು ಅಂತ. ಹಳೆಯದೊಂದು ಗಾಡಿ ಬಂತು. ಮನೆಗೆ ಬೆಳಕು ಬಂದ ಹಾಗೆ ಆಯಿತು. ಗುರುತಿನವರನ್ನು ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಬಿಡುವ ಕೆಲಸ. ಡಿಕ್ಕಿಗೆ ಪೆಟ್ಟಿಗೆ ಎತ್ತಿಡಲು ಇವರಿಗೆ ಬಗ್ಗಲಾಗುವುದಿಲ್ಲ, ಅದಕ್ಕೆ ನಾನು ಜೊತೆಗೆ ಹೋಗುತ್ತೇನೆ.

ಆ ಗಾಡಿಯ ಗೇರಿನ ಹಿಡಿಕೆಗೆ ಒಂದು ಸಣ್ಣ ಗುಂಡಿ ಇದೆ. ಅದನ್ನು ಓವರ್‌ಡ್ರೈವ್ ಅನ್ನುತ್ತಾರೆ. ನನಗೆ ಇವರು ಕಲಿಸಿದ ಮೊದಲ ಪಾಠವೇ ಅದು. ‘ನೋಡು, ಊರಾಗ ಇದು ಬಂದ್. ಗಾಡಿ ಮ್ಯಾಲಿನ ಗೇರಿಗೆ ಹೋಗಂಗಿಲ್ಲ. ಕಾಲು ತೆಗದ್ರ ಇಂಜಿನ್ನೇ ಹಿಡದು ಜಗ್ತದ. ರಿಂಗ್ ರೋಡಿಗೆ ಹತ್ತಿದ ಮ್ಯಾಲೆ ಚಾಲೂ ಮಾಡಬೇಕು, ಆವಾಗ ಗಾಡಿ ಬಿಟ್ಟ ಎತ್ತಿನಂಗ.’ ಬಂದ್ ಇದ್ದಾಗ ಸ್ಟೇರಿಂಗಿನ ಮುಂದಿನ ಮೀಟರಿನಲ್ಲಿ ಹಳದಿ ದೀಪ ಉರಿಯುತ್ತದೆ. ರಿಂಗ್ ರೋಡಿಗೆ ಹತ್ತಿದ ಕೂಡಲೇ ಇವರು ಹೆಬ್ಬೆರಳಿನಿಂದ ಗುಂಡಿ ಒತ್ತಿ ‘ಈಗ ಕೇಳು’ ಅನ್ನುತ್ತಿದ್ದರು. ದೀಪ ಆರುತ್ತಿತ್ತು. ಒರಲುತ್ತಿದ್ದ ಇಂಜಿನ್ ತಟ್ಟನೆ ಸುಮ್ಮನಾಗುತ್ತಿತ್ತು. ಗಾಳಿಯ ಸದ್ದು ಮಾತ್ರ. ಇಬ್ಬರೂ ಮಾತಾಡದೆ ಕೇಳುತ್ತಿದ್ದೆವು. ಮದುವೆಯಾದ ಮೇಲೆ ನಾನು ಅಷ್ಟು ಸುಖವಾಗಿ ಕೂತದ್ದು ಬೇರೆ ಎಲ್ಲೂ ಇಲ್ಲ ಅಕ್ಕಾ.

ಸಂಕ್ರಾಂತಿಯಾದ ಮೇಲೆ ಒಂದು ದಿನ ಇವರು ಗುಂಡಿ ಒತ್ತಲಿಲ್ಲ. ಶಂಶಾಬಾದ್ ತನಕ ಹಳದಿ ದೀಪ ಉರಿಯುತ್ತಲೇ ಇತ್ತು, ಇಂಜಿನ್ ಅರಚುತ್ತಲೇ ಇತ್ತು. ನೆನಪಿಸಿದೆ. ‘ಮರ್ತೆ’ ಅಂದರು. ಮರುದಿನವೂ ಹಾಗೇ. ‘ಗುಂಡಿ ಕೆಟ್ಟೈತಿ’ ಅಂದರು. ಓಣಿಯ ತುದಿಯ ಮೆಕ್ಯಾನಿಕ್ ಮಿಲಿಂದನ ಹತ್ತಿರ ಗಾಡಿ ಇದ್ದಾಗ ನಾನೇ ನಾಚಿಕೆ ಬಿಟ್ಟು ಕೇಳಿದೆ. ಅವನು ಒತ್ತಿ ನೋಡಿ ನಕ್ಕ. ‘ಗುಂಡಿ ಏಕದಂ ಚಲೋ ಐತ್ರಿ ವೈನಿ. ಮಲ್ಲಣ್ಣಗ ಪೆಟ್ರೋಲ್ ಫುಕಟ್ ಸಿಗಾಕತ್ತೈತೇನು, ಕೇಳ್ರಿ!’

ಕೇಳಲಿಲ್ಲ. ಗಾಡಿಯ ವಿಷಯದಲ್ಲಿ ಅವರಿಗೆ ನಾನೇನು ಹೇಳುವುದು.

ಈ ತಿಂಗಳ ಮೊದಲಲ್ಲಿ ಒಂದು ಮಧ್ಯಾಹ್ನ ಇವರು ಟೈರಿಗೆ ಗಾಳಿ ತುಂಬಿಸಿ, ಗಾಡಿ ಮೈದಾನದ ಹತ್ತಿರ ನಿಲ್ಲಿಸಿ, ನಡೆದುಕೊಂಡು ಬಂದರು. ಬಾಗಿಲಲ್ಲಿ ಬೇಳೆ ಆರಿಸುತ್ತಿದ್ದ ಅತ್ತೆ ಮೊದಲು ನೋಡಿದರು.

‘ಏ ಮಲ್ಲ್ಯಾ, ಒಂದ ಚಪ್ಲಿ ಮ್ಯಾಲೆ ಬಂದೀಯಲ್ಲೋ! ಇನ್ನೊಂದು ಯಾರ ಕೈಯಾಗ ಕೊಟ್ಟಿ?’

ಇವರು ಕೆಳಗೆ ನೋಡಿಕೊಂಡರು. ಚಪ್ಪಲಿ ಇದ್ದದ್ದು ಕೃತಕ ಕಾಲಿನಲ್ಲಿ. ಬರಿದಾಗಿದ್ದದ್ದು ನಿಜವಾದ ಕಾಲು. ಏಪ್ರಿಲ್ ಬಿಸಿಲು, ಕಾದ ಡಾಂಬರು, ಅಷ್ಟು ದೂರ ನಡೆದು ಬಂದಿದ್ದರು. ಅಂಗಾಲು ತುಂಬ ಬೊಬ್ಬೆ. ಅತ್ತೆ ‘ಚಪ್ಲಿ ಹೋದ್ರೂ ಗೊತ್ತಾಗ್ದಂಥಾ ಧ್ಯಾನ ಯಾವುದೋ’ ಅಂತ ಬೈಯುತ್ತಲೇ ಬೇಳೆಯ ಕಡೆ ತಿರುಗಿದರು. ಅವರಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು.

ಒಳಗೆ ಕೂರಿಸಿ ಮುಲಾಮು ಹಚ್ಚಿದೆ.

‘ಭಾಳ ಉರೀತದೇನ್ರಿ?’

‘ಏನು?’ ಅಂದರು. ನಾನು ಹಚ್ಚುತ್ತಿದ್ದದ್ದೇ ಅವರಿಗೆ ತಿಳಿದಿರಲಿಲ್ಲ.

ಆಮೇಲೆ ಎಲ್ಲ ಹೇಳಿದರು, ಗೋಡೆಯ ಕಡೆ ನೋಡಿಕೊಂಡು. ‘ಪಾದ ಎಲ್ಲೈತಿ ಅಂತ ಕಣ್ಣಿಲೆ ನೋಡಿದ್ರಷ್ಟ ಗೊತ್ತಾಗ್ತದ. ಬ್ರೇಕ್ ಮ್ಯಾಲೆ ಐತೋ ಇಲ್ಲೋ ತಿಳಿಯಂಗಿಲ್ಲ. ಅದಕ್ಕ ಗುಂಡಿ ಬಂದ್ ಇಡ್ತೀನಿ. ಮೊಣಕಾಲು ಮ್ಯಾಲೆತ್ತಿದ್ರ ಸಾಕು, ಗಾಡಿ ತಾನ ತಡೀತದ. ಚಾಲೂ ಮಾಡಿದ್ರ ಅದು ಓಡ್ಕೋಂತನ ಹೋಗ್ತದ, ಕೃಪಾ. ನನಗ ಅಂಜಿಕಿ ಬರ್ತದ.’

‘ಡಾಕ್ಟರ್ ಏನಂದ್ರು?’

‘ಹೋದ ನರ ತಿರುಗಿ ಬರಂಗಿಲ್ಲ ಅಂದ್ರು.’

ನನಗೆ ಹೇಳದೆ ಒಬ್ಬರೇ ಹೋಗಿ ತೋರಿಸಿಕೊಂಡು ಬಂದಿದ್ದರು. ಗಾಡಿ ಬಿಟ್ಟುಬಿಡಿ ಅಂತ ಕೈಮುಗಿದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ‘ಬಿಟ್ಟು? ಅವ್ವನ ಬಾಜೂ ಕೂತು ಬ್ಯಾಳಿ ಆರಸ್ಲೇನು?’ ಅಂದು ನಕ್ಕರು. ಬೊಬ್ಬೆ ಪೂರಾ ಒಣಗುವ ಮೊದಲೇ ಮತ್ತೆ ಹೊರಟರು. ಮೇಲಿಂದ ಮೇಲೆ ಹೇಳಿದೆ, ಕಣ್ಣೀರಿಟ್ಟೆ, ಒಂದು ದಿನ ಊಟ ಬಿಟ್ಟೆ. ಅವರೂ ಉಣ್ಣದೆ ಕೂತರು. ಗೆದ್ದದ್ದು ಅವರೇ.

ಈಗ ನಾನು ಹೋಗುವುದು ಪೆಟ್ಟಿಗೆ ಎತ್ತಿಡಲು ಮಾತ್ರ ಅಲ್ಲ. ಪಕ್ಕದಲ್ಲಿ ಕೂತು ಅವರ ಪಾದವನ್ನೇ ನೋಡುತ್ತಿರುತ್ತೇನೆ. ಬ್ರೇಕಿನಿಂದ ಜಾರಿದರೆ ‘ಹೂಂ’ ಅನ್ನುತ್ತೇನೆ. ಅವರು ಕೆಳಗೆ ನೋಡಿ ಸರಿಮಾಡಿಕೊಳ್ಳುತ್ತಾರೆ. ಹಿಂದೆ ಕೂತವರಿಗೆ ಗೊತ್ತಾಗುವುದಿಲ್ಲ. ಬೆಂಗಳೂರಿನ ಅಮಿತಾ ಅನ್ನುವ ಹುಡುಗಿ ತಿಂಗಳಿಗೊಮ್ಮೆ ಊರಿಗೆ ಹೋಗುತ್ತಾಳೆ. ‘ಯಾಕಕ್ಕಾ, ಮದುವಣಗಿತ್ತಿ ಥರ ತಲೆ ಬಗ್ಗಿಸ್ಕೊಂಡೇ ಕೂತಿರ್ತೀರಾ, ಇನ್ನೂ ನಾಚಿಕೇನಾ?’ ಅಂದಳು. ಇವರು ‘ನಮ್ಮಾಕಿ ಸಣ್ಣಾಕಿ ಇದ್ದಾಗಿಂದ ಹಂಗ ಬಿಡ್ರಿ’ ಅಂದರು. ಮೂವರೂ ನಕ್ಕೆವು. ಮೊನ್ನೆ ಉಪ್ಪಲ್ ಮೆಟ್ರೋ ಕಂಬಗಳ ಕೆಳಗೆ ಹೂವಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಅಡ್ಡ ಬಂದಳು. ನನ್ನ ‘ಹೂಂ’ ಅರೆಗಳಿಗೆ ತಡವಾಯಿತು. ಗಾಡಿ ಅವಳ ಸೀರೆಗೆ ತಾಗಿ ನಿಂತಿತು. ಆಕೆ ನಮಗೇ ಕೈಮುಗಿದು, ತೆಲುಗಿನಲ್ಲಿ ತಪ್ಪಾಯಿತು ಅಂತ ಹೇಳಿ ಹೋದಳು.

ಹುಮನಾಬಾದಿನ ದಾರಿ ಶಂಶಾಬಾದ್ ದಾರಿಗಿಂತ ಎಷ್ಟೋ ಉದ್ದ. ಪಟಾನ್‌ಚೆರು ದಾಟಿದರೆ ಬರೀ ಲಾರಿಗಳು. ಅದಕ್ಕೇ ಕೇಳುತ್ತಿದ್ದೇನೆ. ಕುಬಸಕ್ಕೆ ಬರುವಾಗ ಭಾವನೇ ಅಲ್ಲಿಂದ ಬೇರೆ ಗಾಡಿ ಮಾಡಿಕೊಂಡು ಬರಲಿ. ಚೊಚ್ಚಲ ಬಸುರಿಯನ್ನು ಹೆತ್ತ ತಂದೆಯೇ ಬಂದು ಕರೆದೊಯ್ಯಬೇಕು, ನಮ್ಮ ಮನೆತನದ ಪದ್ಧತಿ ಅಂತ ಹೇಳು. ಪದ್ಧತಿ ಅಂದರೆ ಇವರು ಎದುರಾಡುವುದಿಲ್ಲ. ಕಾಲಿನ ಮಾತು ಮಾತ್ರ ಎತ್ತಬೇಡ. ದಿಂಬನ್ನು ನಾನೇ ದೀಪ್ತಿಯ ಕೈಗೆ ಕೊಡುತ್ತೇನೆ, ಕಾಕಾ ತಂದದ್ದು ಅಂತ. ಅದರ ಮೇಲೆ ಕೂತೇ ಹೋಗಲಿ.

ನಿನ್ನ ಮೊಣಕಾಲು ನೋವು ಹೇಗಿದೆ? ದೀಪ್ತಿಗೆ ಫೋನು ಮಾಡಿದಾಗ ಚಿಗವ್ವನ ಆಶೀರ್ವಾದ ಹೇಳು. ತಾಯಿ ಮಗು ಎರಡಾಗಿ, ಮನೆಯಂಗಳದಲ್ಲಿ ತೊಟ್ಟಿಲು ತೂಗಲಿ. ಬಸವಣ್ಣ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಕೃಪಾ

ತಾ.ಕ.: ಕಾಗದ ಮಡಿಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನಾನೂ ಬಸುರಿ ಅಕ್ಕಾ. ಇಷ್ಟು ವರ್ಷ ನೀನು ಹೊತ್ತ ಹರಕೆ. ಇವರಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಕುಣಿದಾಡುತ್ತಾರೆ, ಮರುದಿನದಿಂದ ನನ್ನನ್ನು ಗಾಡಿ ಹತ್ತಲು ಬಿಡುವುದಿಲ್ಲ. ಆಮೇಲೆ ಅವರ ಪಾದ ನೋಡುವವರು ಯಾರು? ಹೊಟ್ಟೆ ಕಾಣುವ ತನಕ ಹೀಗೇ ಪಕ್ಕದಲ್ಲಿ ಕೂತಿರುತ್ತೇನೆ. ನೀನೂ ಹೇಳಬೇಡ.